ಹೃದಯಾರ್ಬುದವೂ ಅದರ ಚಿಕಿತ್ಸೆಯೂ



ಅರ್ಬುದವೆಂಬ ಶಬ್ದವು ಕಿವಿಗೆ ಬಿದ್ದೊಡನೆಯೇ ಜನರು ಆಸೆಯನ್ನು ತೊರೆಯುವರು. ಅದು ಹೃದಯದಲ್ಲಿದೆಯೆಂದರೆ ಹೇಳತಕ್ಕದ್ದೇನು! ಆದರೆ ಸುಶ್ರುತಸಂಹಿತೆಯಲ್ಲಿ ಅರ್ಬುದವೆಂದರೆ ಮೆಲ್ಲಮೆಲ್ಲನೆ ಬೆಳೆಯುವ, ಕೀವುಗಟ್ಟದ ಗಂಟು. ಅವುಗಳಲ್ಲಿ ಸಾಧ್ಯವಾದುವೂ ಅಸಾಧ್ಯವಾದುವೂ ಉಂಟೆಂದು ಅಲ್ಲಿಯೇ ವಿಂಗಡಿಸಿದೆ. ಹೃದಯದ ವಿಷಯದಲ್ಲಿಯೂ ಈ ವಿಂಗಡಣೆಯೇ ಮುಖ್ಯವಾದುದು.

ಹೃದಯದಲ್ಲಿಯೇ ಹುಟ್ಟುವ ಅರ್ಬುದಗಳು ಅತಿ ವಿರಳ. ಬೇರೆ ಅಂಗದ ಕ್ಯಾನ್ಸರು ಅಲ್ಲಿಗೆ ಹಬ್ಬುವುದೇ ಹೆಚ್ಚು. ಅಲ್ಲಿಯೇ ಹುಟ್ಟಿದವುಗಳಲ್ಲಿ ಬಹುಪಾಲು ಸೌಮ್ಯವಾದುವು. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವುದು ಮಿಕ್ಸೋಮವೆಂಬುದು. ಲೋಳೆಯಂತೆ ಮೃದುವಾದ ಈ ಗಂಟು ಸಾಮಾನ್ಯವಾಗಿ ಹೃದಯದ ಎಡಭಾಗದ ಮೇಲಿನ ಕೋಣೆಯಲ್ಲಿ, ನಡುಗೋಡೆಗೆ ತೊಟ್ಟಿನಿಂದ ಅಂಟಿಕೊಂಡು, ಪ್ರತಿಯೊಂದು ಬಡಿತಕ್ಕೂ ತೂಗಾಡುತ್ತಿರುವುದು. ತೂಗಾಡುತ್ತ ಕವಾಟದ ಬಾಯಿಗೆ ಬಂದು ಬಿರಡೆಯಂತೆ ನಿಂತರೆ ರಕ್ತದ ಹಾದಿ ಕಟ್ಟುವುದು. ರೋಗಿಗೆ ಏದುಸಿರು, ಮೂರ್ಛೆ. ಮಗ್ಗುಲು ಬದಲಾಯಿಸಿದರೆ ಕಷ್ಟವು ಹೆಚ್ಚುವುದೂ ತಗ್ಗುವುದೂ ಉಂಟು. ಇದಕ್ಕಿಂತ ಭಯಂಕರವಾದುದೇನೆಂದರೆ, ಅದರ ಚೂರೊಂದು ಕಳಚಿ ಮಿದುಳಿಗೆ ಹೋದರೆ ನೆಟ್ಟನೆ ನಿಂತಿದ್ದ ತರುಣನೂ ಪಕ್ಷಾಘಾತದಿಂದ ಬೀಳುವನು. ಜ್ವರವೂ ಮೈಯಿಳಿಯುವುದೂ ಸೇರಿದಾಗ ಬೇರೆ ರೋಗವೆಂದು ಭ್ರಮಿಸುವುದು ಸಹಜವೇ.

ಇಟಲಿಯ ರಿಯಾಲ್ಡೊ ಕೊಲಂಬೊ ಎಂಬ ಪಂಡಿತನು 1559ರಷ್ಟು ಹಿಂದೆಯೇ ಹೃದಯದ ಗಂಟನ್ನು ವರ್ಣಿಸಿದನು. ಆದರೂ ಸುಮಾರು ನಾಲ್ಕು ಶತಮಾನಗಳ ಕಾಲ ಇದು ಶವಪರೀಕ್ಷೆಯಲ್ಲಿ ಮಾತ್ರ ತಿಳಿಯುವ ರೋಗವಾಗಿತ್ತು. 1953ರಲ್ಲಿ ಸ್ವೀಡನ್ನಿನ ಎಡ್ಲರ್ ಮತ್ತು ಹರ್ಟ್ಸ್ ಎಂಬವರು, ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಹುಡುಕುವ ಶಬ್ದಯಂತ್ರವನ್ನು ಮನುಷ್ಯನ ಎದೆಗೆ ಹಿಡಿದರು! 1959ರಲ್ಲಿ ಜರ್ಮನಿಯ ವೈದ್ಯರು ಅದೇ ವಿಧಾನದಿಂದ ಹೃದಯದ ಗಂಟನ್ನು ಗುರುತಿಸಿದರು. ಈಗ 'ಎಕೊ' ಎನ್ನುವ ಪರೀಕ್ಷೆ ಇದೇ. ಎದೆಯ ಮೇಲಿಂದ ಮಾಡುವಾಗ ನೋವಿಲ್ಲ, ಸೂಜಿಯಿಲ್ಲ.

ಮಿಕ್ಸೋಮವನ್ನು ಕರಗಿಸುವ ಔಷಧವಿಲ್ಲ, ಶಸ್ತ್ರಚಿಕಿತ್ಸೆಯೊಂದೇ ಗತಿ. ಅದನ್ನು ತಡಮಾಡುವುದು ವಿವೇಕವಲ್ಲ; ಚೂರು ಕಳಚಲು ಮುಹೂರ್ತ ಬೇಕಿಲ್ಲ. ಹೃದಯವನ್ನು ನಿಲ್ಲಿಸಿ, ಅದರ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಯಂತ್ರಕ್ಕೆ ವಹಿಸಿ, ಗಂಟನ್ನು ತೊಟ್ಟಿನ ಬುಡಸಹಿತ ಕತ್ತರಿಸಿ, ಗೋಡೆಯಲ್ಲಿ ಉಳಿದ ರಂಧ್ರವನ್ನು ತೇಪೆಯಿಂದ ಮುಚ್ಚುವರು. 1954ರಲ್ಲಿ ಸ್ಟಾಕ್‌ಹೋಮಿನಲ್ಲಿ ಕ್ರಾಫೋರ್ಡ್ ಎಂಬ ವೈದ್ಯರು ಹೀಗೆ ಯಂತ್ರದ ನೆರವಿನಿಂದ ಮೊದಲಬಾರಿಗೆ ಗಂಟನ್ನು ತೆಗೆದು ರೋಗಿಯನ್ನು ಉಳಿಸಿದರು. ಬುಡ ಉಳಿಯದಿದ್ದರೆ ಮರಳಿ ಬೆಳೆಯುವುದು ಅಪರೂಪ. ವಂಶದಲ್ಲಿ ಈ ರೋಗವಿದ್ದವರಲ್ಲಿ ಮರುಕಳಿಸುವುದು ಹೆಚ್ಚಾದುದರಿಂದ ಅವರ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸಬೇಕು.

ಶಿಶುಗಳ ಮಾತೇ ಬೇರೆ. ಅವರಲ್ಲಿ ಕಾಣುವ ರಾಬ್ಡೊಮಯೋಮವು ಎಷ್ಟೋ ವೇಳೆ ತಾನಾಗಿಯೇ ಕುಗ್ಗುವುದರಿಂದ, ರಕ್ತದ ಹಾದಿಗೆ ಅಡ್ಡಬಾರದಿದ್ದರೆ ವೈದ್ಯರು ಕಾದುನೋಡುವರು. ಸಾರ್ಕೋಮವೆಂಬುದು ಮಾತ್ರ ಕ್ರೂರವಾದುದು. ಶಸ್ತ್ರ, ಔಷಧಗಳೆರಡನ್ನು ಪ್ರಯೋಗಿಸಿದರೂ ದೀರ್ಘಾಯುಸ್ಸು ವಿರಳ. ಇದನ್ನು ರೋಗಿಯ ಮನೆಯವರಿಗೆ ಮರೆಮಾಚದೆ, ಆದರೆ ಮೆಲ್ಲಗೆ ತಿಳಿಸತಕ್ಕದ್ದು.