ನನ್ನ ಬೆಂಚಿನ ಗೆಳೆಯ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಎಂದು ನನ್ನನ್ನು ಪರಿಚಯಿಸಿ, ವೃತ್ತಿಯ ಆಯ್ಕೆಯ ಬಗ್ಗೆ ಮಾತನಾಡಲು ಹೇಳಿದ್ದೀರಿ. ಕಂಪ್ಯೂಟರ್ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಇದೇ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಒಬ್ಬನ ವಿಷಯ ಹೇಳುತ್ತೇನೆ.

ಅವನಿಗೆ ಗಣಿತವೆಂದರೆ ಜ್ವರ ಬರುತ್ತಿತ್ತು. ಆದರೆ ತರಗತಿಯಲ್ಲಿ ಯಾರಾದರೂ ಅಳುತ್ತಾ ಕೂತರೆ ಮಾಸ್ತರು ಕಳಿಸುತ್ತಿದ್ದುದು ಅವನನ್ನೇ. ಪಿಯುಸಿ ಮುಗಿಸಿ ಅವನು ನರ್ಸಿಂಗ್ ಸೇರಿದಾಗ "ಗಂಡು ಹುಡುಗ ನರ್ಸಾ?" ಎಂದು ನಕ್ಕವರಲ್ಲಿ ನಾನೂ ಒಬ್ಬ. ಅಂಕ ಬಾರದವರ ದಾರಿ ಅದು ಎಂದುಕೊಂಡಿದ್ದೆ.

ಕೆಲವು ವರ್ಷಗಳ ಹಿಂದೆ ನನ್ನ ಅಪ್ಪನ ಎರಡೂ ಕಿಡ್ನಿ ಹಾಳಾದವು. ವಾರಕ್ಕೆ ಎರಡು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೆ ಸುಮಾರು ನಾಲ್ಕು ತಾಸು ಎಂದರು ಡಾಕ್ಟರು. ಅಪ್ಪ ಬೇಡವೇ ಬೇಡ ಎಂದರು. ನಾನು ರಿಪೋರ್ಟುಗಳ ಅಂಕಿಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಹಾಕಿ, ಕ್ರಿಯಾಟಿನಿನ್ ಹೇಗೆ ಏರಿದೆ ಎಂದು ಗ್ರಾಫ್ ಮಾಡಿ ತೋರಿಸಿದೆ. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು.

ಸಂಜೆ ಡ್ಯೂಟಿ ಮುಗಿಸಿ ಗೆಳೆಯ ಬಂದ. ರಿಪೋರ್ಟನ್ನು ಮುಟ್ಟಲೂ ಇಲ್ಲ. ಮಳೆ, ದನ, ತೆಂಗಿನಕಾಯಿ ದರ ಎಲ್ಲ ಆದಮೇಲೆ ಕೇಳಿದ: "ಮಾವ, ನಿಮ್ಗೆ ಹೆದ್ರಿಕೆ ಸೂಜಿದಾ, ಹೋಗಿ ಬರೂದಾ?" ಅಷ್ಟು ಕೇಳಿ ಸುಮ್ಮನಾದ. ನಾನು ಬಾಯಿ ಹಾಕಲು ಹೋದೆ, ನನ್ನ ಮೊಣಕಾಲು ಒತ್ತಿ ತಡೆದ. ತುಂಬ ಹೊತ್ತಿನ ಮೇಲೆ ಅಪ್ಪ ಬಾಯಿಬಿಟ್ಟರು. ಅಮ್ಮನ ಕೈಲಿ ಓಡಾಡಲು ಆಗದು, ಮಗ ನೌಕರಿ ಬಿಟ್ಟು ಊರಲ್ಲಿ ಕೂರಬೇಕಾದೀತು. ಅವರ ಚಿಂತೆ ಅದು! ನನಗೆ ಗೊತ್ತೇ ಇರಲಿಲ್ಲ. ಮರುದಿನ ಗೆಳೆಯ ಕೇರಿಯ ರಿಕ್ಷಾದವನ ಹತ್ತಿರ ಮಾತಾಡಿದ. ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷಗಳಿಂದ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ಒಬ್ಬರ ಪಕ್ಕ ಅಪ್ಪನನ್ನು ಕೂರಿಸಿದ. ಅಪ್ಪ ಒಪ್ಪಿದರು.

ಇದು ನಿನಗೆ ಹುಟ್ಟಿನಿಂದಲೇ ಬಂದದ್ದಾ ಎಂದು ಕೇಳಿದೆ. "ಇಲ್ಲ ಮಾರಾಯ, ಮೊದಲ ವರ್ಷ ರೋಗಿ ಎದುರು ನಾನೂ ಬಡಬಡ ಮಾತಾಡ್ತಿದ್ದೆ. ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚು ಅಂತ ಹಿರಿಯ ಸಿಸ್ಟರ್ ಒಬ್ರು ಕಲಿಸಿದ್ರು" ಎಂದ. ಗಣಿತವೂ ಅವನನ್ನು ಬಿಟ್ಟಿಲ್ಲ. ಡ್ರಿಪ್ಪಿನಲ್ಲಿ ನಿಮಿಷಕ್ಕೆ ಎಷ್ಟು ಹನಿ ಎಂದು ದಿನವೂ ಲೆಕ್ಕ ಹಾಕುತ್ತಾನಂತೆ.

ನಮ್ಮ ಕಡೆಯವರಿಗೆ ಇದು ಹೊಸತಲ್ಲ. ತಾಳಮದ್ದಳೆಯಲ್ಲಿ ಪದ್ಯ ಮೊದಲೇ ಬರೆದದ್ದು, ಅರ್ಥ ಮಾತ್ರ ಅಲ್ಲೇ ಹುಟ್ಟಬೇಕು. ಎದುರಿನವರ ಮಾತನ್ನು ಕಿವಿಗೊಟ್ಟು ಕೇಳದವನ ಅರ್ಥ ಸಪ್ಪೆ. ಅದನ್ನೂ ಕಲಿತೇ ಕಲಿಯಬೇಕು. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು ಯಕ್ಷಗಾನ ಕಲಿಸಲೆಂದೇ ಕೇಂದ್ರ ಕಟ್ಟಿದರು. ಭಾಷೆಗಳಂತೂ ನಿಮಗೆ ಪುಕ್ಕಟೆ ಸಿಕ್ಕಿವೆ. ಭಟ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ತಾಸು ನಿಂತರೆ ಕನ್ನಡ, ಕೊಂಕಣಿ, ನವಾಯತಿ, ಉರ್ದು ಎಲ್ಲ ಕಿವಿಗೆ ಬೀಳುತ್ತವೆ. ಕುಮಟಾದ ಬ್ಯಾಂಕ್ ಕೌಂಟರಿನಲ್ಲಾಗಲಿ, ಮುರ್ಡೇಶ್ವರದ ಹೋಟೆಲಿನಲ್ಲಾಗಲಿ, ಆಸ್ಪತ್ರೆಯ ವಾರ್ಡಿನಲ್ಲಾಗಲಿ ಅದು ದೊಡ್ಡ ಬಂಡವಾಳ. ಎಸ್ಸೆಸ್ಸೆಲ್ಸಿಯ ಅಂಕದ ಪಟ್ಟಿಯಲ್ಲಿ ಮಾತ್ರ ಅದಕ್ಕೆ ಕಾಲಂ ಇಲ್ಲ.

ಸುಳ್ಳು ಹೇಳಲಾರೆ, ಅವನ ಸಂಬಳ ನನ್ನದಕ್ಕಿಂತ ಕಡಿಮೆ. ರಾತ್ರಿ ಪಾಳಿ ಇದೆ, ರೋಗಿಯ ಕಡೆಯವರ ಬೈಗುಳವೂ ಇದೆ. ಗಣಿತ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಆ ಕಡೆ ಹೋಗಬೇಡಿ. ಮೊದಲು ಅಂಥ ಕೆಲಸ ಮಾಡುವವರೊಬ್ಬರ ಜೊತೆ ಒಂದು ದಿನ ಇದ್ದು ನೋಡಿ.

ಈ ವೇದಿಕೆಗೆ ಅವನನ್ನೂ ಕರೆದಿದ್ದೆ. ಇವತ್ತು ಬೆಳಗಿನ ಪಾಳಿಯಂತೆ, ಬರಲಾಗಲಿಲ್ಲ. ಅಪ್ಪ ಮಾತ್ರ ಬಂದಿದ್ದಾರೆ, ಅಗೋ, ಮೂರನೇ ಸಾಲಿನಲ್ಲಿ ಕೂತಿದ್ದಾರೆ.