ತಿದಿ ಒತ್ತುವ ಕೈಗೂ ಕೂಲಿ ಉಂಟು
(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಭಾಷಣ)



ಇವತ್ತು ಒಂದು ಸಣ್ಣ ಕಬ್ಬಿಣದ ಬಳೆಯ ಬಗ್ಗೆ ಮಾತಾಡೋಣ. ಕೈಗೆ ತೊಡೋ ಬಳೆ ಅಲ್ಲ. ದನ ಕಟ್ಟುವ ಗೂಟಕ್ಕೆ, ತೊಟ್ಟಿಲ ಸರಪಳಿಗೆ ಹಾಕುವ ಬಳೆ. ಕಮ್ಮಾರಿಕೆ ಗಂಡಸರ ಕೆಲಸ ಅಂತಾರೆ. ಹಾಗಾದರೆ ಕುಲುಮೆಯಲ್ಲಿ ತಿದಿ ಒತ್ತುವವರು ಯಾರು? ಸಮ್ಮಟಿಗೆ ಎತ್ತಿ ಹೊಡೆಯುವವರು ಯಾರು? ಸಂತೆಗೆ ಹೊತ್ತು ಮಾರುವವರು ಯಾರು? ಎಷ್ಟೋ ಮನೆಗಳಲ್ಲಿ ಹೆಂಗಸರೇ ಅಲ್ಲವೇ?

ಬೈಬಲಿನ ಸಿರಾಖನ ಗ್ರಂಥದ 38ನೇ ಅಧ್ಯಾಯದಲ್ಲಿ ಕುಲುಮೆಯ ಶಾಖಕ್ಕೆ ಮೈ ಬಾಡಿಸಿಕೊಂಡು ದುಡಿಯುವ ಕಮ್ಮಾರನ ಮಾತು ಬರುತ್ತದೆ. ಇಂಥ ಕೈಕೆಲಸದವರಿಲ್ಲದೆ ಊರೇ ನಡೆಯದು ಎಂದು ಅಲ್ಲಿ ಹೇಳಿದೆ. ದುಡಿಮೆಗೆ ಅಷ್ಟು ಗೌರವ ಇದೆ. ಆದರೆ ಬೆಲೆ?

ಲೆಕ್ಕ ಹಾಕೋಣ. ಒಳಗೆ 5 ಸೆಂ.ಮೀ. ಅಗಲದ ಬಳೆಗೆ 8 ಮಿ.ಮೀ. ಸರಳು ಸುಮಾರು 19 ಸೆಂ.ಮೀ. ಬೇಕು. ತುದಿಗಳನ್ನು ಬಡಿದು ಓರೆ ಮಾಡಿ, ಸುತ್ತಿ ಒಂದರ ಮೇಲೊಂದು ಕೂರಿಸಿ, ಬಿಳಿಗಾರ ಹಾಕಿ, ಹೊಳೆಯುವ ಹಳದಿ ಬಣ್ಣಕ್ಕೆ ಬರುವ ತನಕ ಕಾಯಿಸಿ ಬಡಿದರೆ ಬೆಸುಗೆ ಕೂರುತ್ತದೆ. ಕೆಂಪಗಿದ್ದಾಗ ಬಡಿದರೆ ಕೂರೋದಿಲ್ಲ. ಕಿಡಿ ಸಿಡಿಯಲು ಬಿಟ್ಟರೆ ಕಬ್ಬಿಣವೇ ಸುಟ್ಟುಹೋಗುತ್ತದೆ. ಆ ಹದ ಕಾಯುವುದು ತಿದಿ ಒತ್ತುವ ಕೈ.

ಒಂದು ಕಿಲೋ ಸರಳಿಗೆ ಸುಮಾರು 13 ಬಳೆ. ಉದಾಹರಣೆಗೆ, ಕಬ್ಬಿಣಕ್ಕೆ 75 ರೂಪಾಯಿ, ಇದ್ದಿಲು ಮತ್ತು ಬಿಳಿಗಾರಕ್ಕೆ 75, ಗಂಡನ ಮೂರು ಗಂಟೆಯ ಕೂಲಿ 150 ಅಂತಿಟ್ಟುಕೊಳ್ಳಿ. ಒಟ್ಟು 300. ಒಂದು ಬಳೆಗೆ 23 ರೂಪಾಯಿ ಬಿತ್ತು. 25ಕ್ಕೆ ಮಾರಿದರೆ ಲಾಭ ಅನ್ನಿಸುತ್ತದೆ. ಆದರೆ ಹೆಂಡತಿಯ 150 ಎಲ್ಲಿ ಹೋಯಿತು? ಅದನ್ನೂ ಸೇರಿಸಿದರೆ ಬಳೆಗೆ ಸುಮಾರು 35 ರೂಪಾಯಿ. ಅಂದರೆ ಒಂದೊಂದು ಬಳೆಗೂ 10 ರೂಪಾಯಿ ನಷ್ಟ, ಅದೂ ನಿಮ್ಮ ಬೆವರಿನಿಂದ! ನಿಮ್ಮೂರಿನ ದರ ಹಾಕಿ ನೀವೇ ಲೆಕ್ಕ ಮಾಡಿ ನೋಡಿ. ಅಂಗಡಿ ಬಳೆ ಅಗ್ಗಕ್ಕೆ ಸಿಗುತ್ತದೆ, ನಿಜ. ಅದಕ್ಕೇ ಗಿರಾಕಿ ಕೇಳಿದ ಅಳತೆಗೆ, ರಿಪೇರಿಗೆ, ಗಟ್ಟಿ ಬೆಸುಗೆಗೆ ಹೆಸರು ಮಾಡಬೇಕು.

ಒಂದು ಎಚ್ಚರಿಕೆ. ಸತು ಬಳಿದ ಜಿ.ಐ. ಪೈಪು, ತಂತಿ ಕುಲುಮೆಗೆ ಹಾಕಬೇಡಿ. ಆ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಕೆಂಪು ಆರಿದ ಕಬ್ಬಿಣವೂ ಕೈ ಸುಡುತ್ತದೆ. ನೈಲಾನ್ ಸೀರೆ ಬೇಡ, ಹತ್ತಿಯದ್ದು ಉಡಿ.

ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ತರಬೇತಿ, ಸಲಕರಣೆಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಗೆ ಮೊದಲು 1 ಲಕ್ಷ, ತೀರಿಸಿದ ಮೇಲೆ 2 ಲಕ್ಷದವರೆಗೆ ಸಾಲ ಎಂದು ಅದರಲ್ಲಿದೆ. ಆದರೆ ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಹಾಗಾಗಿ ಯಾರ ಹೆಸರಲ್ಲಿ ಅರ್ಜಿ ಅಂತ ಮನೆಯಲ್ಲಿ ಕೂತು ಮಾತಾಡಿ. ಸ್ವಂತ ಕೈಯಿಂದ ಕೆಲಸ ಮಾಡುವ ಹೆಂಗಸೂ ಅರ್ಜಿ ಹಾಕಬಹುದು. ಪಂಚಾಯಿತಿಯಲ್ಲಿ ವಿಚಾರಿಸಿಕೊಂಡೇ ಮುಂದುವರಿಯಿರಿ.

ಮುಂದಿನ ವಾರದ ಸಭೆಗೆ ಪ್ರತಿಯೊಬ್ಬರೂ ನಿಮ್ಮ ಮನೆಯ ಕಸುಬಿನ ಲೆಕ್ಕ ಬರೆದು ತನ್ನಿ. ಕಮ್ಮಾರಿಕೆ ಇರಲಿ, ಬೀಡಿ ಇರಲಿ, ಹೈನುಗಾರಿಕೆ ಇರಲಿ, ನಿಮ್ಮ ಕೂಲಿಗೊಂದು ಸಾಲು ಅದರಲ್ಲಿರಲಿ. ದೇವರು ನಿಮ್ಮ ಕೈಕೆಲಸವನ್ನು ಆಶೀರ್ವದಿಸಲಿ.