ಹರ್ಪಿಸ್ ರಕ್ತಪರೀಕ್ಷೆ: ವರದಿ ಕೈಗೆ ಬಂದಾಗ
(ಹೊರರೋಗಿ ವಿಭಾಗದಲ್ಲಿ ರೋಗಿಗಳಿಗೂ ಜೊತೆಗೆ ಬಂದವರಿಗೂ ನೀಡಿದ ತಿಳಿವಳಿಕೆ ಮಾತಿನ ಬರಹರೂಪ)



ಈ ವಿಷಯವನ್ನು ನಾಲ್ಕು ಜನರ ಎದುರಿಗೆ ಮಾತನಾಡಲು ನನಗೂ ಮೊದಮೊದಲು ಸಂಕೋಚವಾಗುತ್ತಿತ್ತು. ಒಂದು ಹಾಳೆ ವರದಿಯನ್ನು ತಪ್ಪಾಗಿ ಓದಿಕೊಂಡು ಗಂಡ ಹೆಂಡತಿ ಮಾತು ಬಿಡುವುದನ್ನು ಕಂಡ ಮೇಲೆ ಸಂಕೋಚ ಬಿಟ್ಟೆ.

ಮೊದಲು ಹೆಸರಿನ ಗೊಂದಲ. 'ಹರ್ಪಿಸ್' ಎಂದ ಕೂಡಲೇ ನಮ್ಮ ಪೇಟೆಯ ಹಿರಿಯರು ಸರ್ಪಸುತ್ತು ಎಂದುಕೊಂಡು ಕೆಮ್ಮಣ್ಣು ಹಚ್ಚಿಸಲು ಹೊರಡುತ್ತಾರೆ. ಸರ್ಪಸುತ್ತು ಸೀತಾಳೆ ಸಿಡುಬಿನ ವೈರಸ್ಸಿನಿಂದ ಬರುವಂಥದು. ಈ ವರದಿಯಲ್ಲಿರುವುದು ಎಚ್‌ಎಸ್‌ವಿ ಎಂಬ ಬೇರೆ ವೈರಸ್. ಇದರಲ್ಲಿ ಎರಡು ಬಗೆ. ಎಚ್‌ಎಸ್‌ವಿ-1 ಹೆಚ್ಚಾಗಿ ತುಟಿಯಂಚಿನಲ್ಲಿ ನೀರ್ಗುಳ್ಳೆ ಎಬ್ಬಿಸುತ್ತದೆ. ಎಷ್ಟೋ ಜನರಿಗೆ ಚಿಕ್ಕಂದಿನಲ್ಲೇ, ಮನೆಯವರ ಮುತ್ತಿನಿಂದಲೇ ಬಂದಿರುತ್ತದೆ. ಎಚ್‌ಎಸ್‌ವಿ-2 ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡಿ ಜನನಾಂಗದ ಭಾಗದಲ್ಲಿ ಹುಣ್ಣು ಮಾಡುತ್ತದೆ. ಮೊದಲನೆಯದೂ ಅಲ್ಲಿಗೆ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನ 50 ವರ್ಷದೊಳಗಿನವರಲ್ಲಿ ಶೇ. 64ರಷ್ಟು ಮಂದಿಗೆ ಮೊದಲನೆಯ ಬಗೆಯ ಸೋಂಕಿತ್ತು. ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ.

ಅಂಗಡಿಯೊಂದರಲ್ಲಿ ಕೆಲಸ ಮಾಡುವ ಒಬ್ಬ ಯುವಕ, ಸಂಪರ್ಕವಾದ ನಾಲ್ಕನೆಯ ದಿನಕ್ಕೇ ಹೊರಗಿನ ಲ್ಯಾಬಿನಲ್ಲಿ ರಕ್ತ ಕೊಟ್ಟು ವರದಿ ಹಿಡಿದು ಬಂದ. ಐಜಿಜಿ ಪಾಸಿಟಿವ್ ಎಂದಿತ್ತು. ಅಂದು ತಗುಲಿದ್ದೇ ಇದು ಎಂದು ಅಳುತ್ತಿದ್ದ. ನಾಲ್ಕು ದಿನದಲ್ಲಿ ಐಜಿಜಿ ಹುಟ್ಟುವುದಿಲ್ಲಪ್ಪಾ ಎಂದೆ. ಐಜಿಜಿ ಎಂದರೆ ನಮ್ಮ ದೇಹ ವೈರಸ್ಸಿನ ವಿರುದ್ಧ ತಯಾರಿಸಿಕೊಳ್ಳುವ ಪ್ರತಿಕಾಯ. ಅದು ರಕ್ತದಲ್ಲಿ ಕಾಣಿಸಲು ಕೆಲವು ವಾರಗಳು ಬೇಕು. ಕೆಲವರಿಗೆ 12 ವಾರ ಅಥವಾ ಇನ್ನೂ ಹೆಚ್ಚು. ಆದ್ದರಿಂದ ನಾಲ್ಕನೆಯ ದಿನದ ಪಾಸಿಟಿವ್ ನಿಜವೇ ಆಗಿದ್ದರೆ ಅದು ಹಳೆಯ ಸೋಂಕು. ಆ ದಿನದ ನೆಗೆಟಿವ್ ಬಂದಿದ್ದರೂ ನಿರಾಳವಾಗುವಂತಿರಲಿಲ್ಲ. 12 ವಾರ ಕಳೆದ ಮೇಲಿನ ನೆಗೆಟಿವ್ ನಂಬತಕ್ಕದ್ದು.

ಐಜಿಎಂ ಎಂಬ ಇನ್ನೊಂದು ಸಾಲನ್ನೂ ನೋಡಿರುತ್ತೀರಿ. ಅದು ಪಾಸಿಟಿವ್ ಆದರೆ ಹೊಸ ಸೋಂಕು ಎಂದು ಜನ ಹೇಳಿಬಿಡುತ್ತಾರೆ. ಹರ್ಪಿಸ್ ವಿಷಯದಲ್ಲಿ ಅದು ಸರಿಯಲ್ಲ. ಹಳೆಯ ಸೋಂಕು ಮರುಕಳಿಸಿದಾಗಲೂ ಐಜಿಎಂ ಬರಬಹುದು, ಸೋಂಕೇ ಇಲ್ಲದೆಯೂ ಬರಬಹುದು. ಅದರ ಮೇಲೆ ಯಾವ ತೀರ್ಮಾನವನ್ನೂ ಕಟ್ಟಬೇಡಿ. ಈ ಪರೀಕ್ಷೆಗೆ ದುಡ್ಡು ಖರ್ಚು ಮಾಡುವುದೇ ಬೇಡ ಎನ್ನುವುದು ನನ್ನ ಮಾತು.

ಐಜಿಜಿ ಪಕ್ಕದ ಅಂಕಿಯನ್ನೂ ಗಮನಿಸಿ. ಹಲವು ಕಿಟ್‌ಗಳಲ್ಲಿ 0.9ಕ್ಕಿಂತ ಕಡಿಮೆ ನೆಗೆಟಿವ್, 1.1ಕ್ಕಿಂತ ಹೆಚ್ಚು ಪಾಸಿಟಿವ್, ನಡುವಿನದು ಅನಿಶ್ಚಿತ. ಆದರೆ ಎಚ್‌ಎಸ್‌ವಿ-2ಕ್ಕೆ 3ರೊಳಗಿನ ಪಾಸಿಟಿವ್ ಎಷ್ಟೋ ಸಲ ಸುಳ್ಳಾಗುತ್ತದೆ. ಬೇರೆ ವಿಧಾನದಿಂದ ಖಚಿತಪಡಿಸಿಕೊಳ್ಳದೆ ನಂಬಬಾರದು.

ಇನ್ನು ಗರ್ಭಪಾತವಾದ ಹೆಣ್ಣುಮಕ್ಕಳಿಗೆ ಬರೆಸುವ ಟಾರ್ಚ್ ಪರೀಕ್ಷೆ. ಅದರಲ್ಲಿ 1 ಮತ್ತು 2ನ್ನು ಒಟ್ಟಿಗೆ ಸೇರಿಸಿ ಒಂದೇ ಫಲಿತಾಂಶ ಕೊಡುವುದುಂಟು. ತುಟಿಯ ಗುಳ್ಳೆಯದೋ ಇನ್ನೊಂದೋ ಅದರಿಂದ ತಿಳಿಯುವುದಿಲ್ಲ. ಅಂಥ ವರದಿ ಹಿಡಿದು ಸೊಸೆಯನ್ನು ಪ್ರಶ್ನಿಸಿದ ಅತ್ತೆಯೊಬ್ಬರನ್ನು ಕೂರಿಸಿಕೊಂಡು, "ಅಮ್ಮಾ, ನಿಮ್ಮ ರಕ್ತ ಪರೀಕ್ಷಿಸಿದರೂ ಇದೇ ಬರಬಹುದು" ಎಂದೆ. ಸುಮ್ಮನಾದರು. ಯಾವ ರಕ್ತಪರೀಕ್ಷೆಯೂ ಸೋಂಕು ಯಾರಿಂದ ಬಂತು, ಯಾವ ವರ್ಷ ಬಂತು ಎಂದು ಹೇಳುವುದಿಲ್ಲ. ಗರ್ಭಿಣಿಯರು ಮಾತ್ರ ಗಂಡನಿಗಾಗಲಿ ತಮಗಾಗಲಿ ಹುಣ್ಣು ಬಂದಿದ್ದರೆ ವೈದ್ಯರಿಗೆ ಮುಚ್ಚಿಡಬಾರದು. ಹೆರಿಗೆಗೆ ಸಮೀಪದಲ್ಲಿ ಹೊಸದಾಗಿ ತಗುಲಿದರೆ ಮಗುವಿಗೆ ಅಪಾಯ ಹೆಚ್ಚು.

ಗುಳ್ಳೆ ಎದ್ದರೆ ರಕ್ತಕ್ಕಿಂತ ಗುಳ್ಳೆಯ ದ್ರವದ ಪಿಸಿಆರ್ ಪರೀಕ್ಷೆಯೇ ಮೇಲು. ಸಾಮಾನ್ಯವಾಗಿ ಸಂಪರ್ಕವಾದ 2ರಿಂದ 12 ದಿನಗಳೊಳಗೆ ಏಳುತ್ತದೆ. ಅದು ಒಣಗಿ ಹೊಪ್ಪಳೆ ಕಟ್ಟುವ ಮೊದಲೇ ಬನ್ನಿ. ಮುಲಾಮು, ಮಣ್ಣು ಏನನ್ನೂ ಹಚ್ಚಬೇಡಿ. ಅಸೈಕ್ಲೊವಿರ್ ಮಾತ್ರೆ ವೈರಸ್ಸನ್ನು ಪೂರ್ತಿ ಹೊರಹಾಕುವುದಿಲ್ಲ, ಆದರೆ ಹುಣ್ಣು ಬೇಗ ಮಾಯುತ್ತದೆ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಚಿಕಿತ್ಸೆ ಉಚಿತ.

ಹರ್ಪಿಸ್ ಚಿಂತೆಯಲ್ಲಿ ಮುಖ್ಯವಾದುದನ್ನು ಮರೆಯುವವರೇ ಹೆಚ್ಚು. ಅಸುರಕ್ಷಿತ ಸಂಪರ್ಕವಾಗಿದ್ದರೆ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್-ಬಿ ಪರೀಕ್ಷೆಯೂ ಆಗಬೇಕು. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ ಆರಂಭಿಸಬೇಕು, ಆದ್ದರಿಂದ ಅದೇ ದಿನ ವೈದ್ಯರನ್ನು ಕಾಣಿ. ಎಚ್‌ಐವಿ ಬಗ್ಗೆ ಕೇಳಲು 1097 ಸಹಾಯವಾಣಿ ಇದೆ, ಶುಲ್ಕವಿಲ್ಲ.

ಜೊತೆಗೆ ಬಂದವರಲ್ಲಿ ಒಂದು ವಿನಂತಿ: ವರದಿಯನ್ನು ಕೌಂಟರಿನಲ್ಲಿ ನೀವು ಬಿಡಿಸಿ ಓದಬೇಡಿ, ಯಾರ ಹೆಸರಿನದೋ ಅವರ ಕೈಗೇ ಕೊಡಿ. ತೋರಿಸಲು ಬರುವಾಗ ಸಂಪರ್ಕವಾದ ದಿನ, ರಕ್ತ ಕೊಟ್ಟ ದಿನ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ತನ್ನಿ.